ಬಿಸಿಲಿಗೆ ಒಣಗಿದ ಖಂಡ

ಹೂವಿನಹಡಗಲಿ ಎಂದೊಡನೆ ಹೊರಗಿನವರಿಗೆ ಮಲ್ಲಿಗೆ ನೆನಪಾಗುತ್ತದೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹೂ ಸಾಗುತ್ತಿತ್ತೆಂಬ ಪ್ರತೀತಿಯೂ ಉಂಟು. ಆದರೆ ಈ ಸೀಮೆ ಕುರಿಯದೂ ಹೌದು. ಬಳ್ಳಾರಿ ತಳಿಯ ಕುರಿಗಳು ಈ ಒಣ ನೆಲದವು. ಅವುಗಳ ಉಣ್ಣೆ ಕಂಬಳಿಗೆ, ಖಂಡ ಊಟಕ್ಕೆ. ಮಾಂಸಕ್ಕೆ ನಮ್ಮ ಕಡೆ ಖಂಡ ಎಂದೇ ಹೆಸರು. ಮೈಸೂರಿನವರು ‘ಬಾಡು’ ಎಂದರೆ ನಮ್ಮ ಹುಡುಗರು ನಗುತ್ತಾರೆ.

ಭಾನುವಾರ ಬೆಳಿಗ್ಗೆ ಪೇಟೆಗೆ ಹೋದರೆ ಖಂಡದಂಗಡಿಗಳ ಮುಂದೆ ಜನ. ಕೊಕ್ಕೆಗೆ ನೇತುಹಾಕಿದ ಕುರಿ, ಹುಣಸೆಮರದ ಕೊರಡು, ತಕ್ಕಡಿ. ಹಿಂದೆ ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದುದು ಈಗ ಕರಿ ಪ್ಲಾಸ್ಟಿಕ್ ಚೀಲಕ್ಕೆ ಬಂದಿದೆ. ಬೇಕೆಂದಾಗ ಅರ್ಧ ಕಿಲೋ ತರುವ ಈ ಅನುಕೂಲ ಹಳ್ಳಿಗಳಿಗೆ ತಡವಾಗಿ ಬಂತು.

ಮೊದಲು ಹಳ್ಳಿಯಲ್ಲಿ ಅಂಗಡಿ ಎಲ್ಲಿತ್ತು? ಹತ್ತಾರು ಮನೆಯವರು ಕೂಡಿ ಒಂದು ಕುರಿ ಕೊಂಡು, ಕೊಯ್ಯಿಸಿ ಪಾಲು ಹಾಕಿಕೊಳ್ಳುತ್ತಿದ್ದರು. ಹಲವು ಊರುಗಳಲ್ಲಿ ಹಿಂದೂಗಳ ಮನೆಯ ಬ್ಯಾಟಿಗೂ ಮುಲ್ಲಾ ಸಾಹೇಬರೇ ಬರಬೇಕಿತ್ತು. ಪ್ರತಿ ಗುಡ್ಡೆಗೂ ಕಲೀಜ ಒಂದಿಷ್ಟು, ಬೋಟಿ ಒಂದಿಷ್ಟು, ಎಲುಬು, ಕೊಬ್ಬು, ಮೆದು ಖಂಡ. ರೊಕ್ಕ ಇಲ್ಲದವರು ಸುಗ್ಗಿಯಲ್ಲಿ ಜೋಳ ಅಳೆಯುತ್ತಿದ್ದರು. ದೊಡ್ಡ ಕುರಿಯೊಂದರಲ್ಲಿ ಹನ್ನೆರಡು, ಹದಿನೈದು ಕಿಲೋ ಖಂಡ ಸಿಕ್ಕೀತು. ನಮ್ಮ ಬೇಸಿಗೆಯಲ್ಲಿ ಅದು ಒಂದು ದಿನವೂ ತಡೆಯದು. ಫ್ರಿಜ್ ಇಲ್ಲದ ಕಾಲದಲ್ಲಿ ನೆರೆಯವರಿಗೆ ಹಂಚುವುದೇ ಖಂಡ ಕೆಡದಂತೆ ನೋಡಿಕೊಳ್ಳುವ ಮೊದಲ ಉಪಾಯ.

ಎರಡನೆಯ ಉಪಾಯ ಒಣಖಂಡ. ಜಾತ್ರೆಯಲ್ಲಿ, ಬಕ್ರೀದಿನಲ್ಲಿ ಒಮ್ಮೆಲೇ ಹೆಚ್ಚು ಖಂಡ ಬಂದಾಗ ಅದನ್ನು ತೆಳ್ಳಗೆ, ಉದ್ದುದ್ದ ಸೀಳಿ, ಉಪ್ಪು ಅರಿಶಿಣ ಸವರಿ, ಅಂಗಳದ ಹಗ್ಗಕ್ಕೆ ಬಟ್ಟೆಯಂತೆ ಹರವುತ್ತಿದ್ದರು. ಕಾಗೆ, ಬೆಕ್ಕು ಕಾಯುವುದು ಹುಡುಗರ ಪಾಲಿನ ಕೆಲಸ. ಸಂಜೆ ಒಳಗೆ, ಬೆಳಿಗ್ಗೆ ಮತ್ತೆ ಹೊರಗೆ. ಮೂರು ನಾಲ್ಕು ದಿನಕ್ಕೆ ಕಡ್ಡಿಯಂತೆ ಮುರಿಯುವ ಹದ. ಆಮೇಲೆ ಗಡಿಗೆಯಲ್ಲೋ, ಒಲೆಯ ಮೇಲ್ಗಡೆ ಹೊಗೆ ತಾಕುವಲ್ಲೋ ಇಟ್ಟರೆ ಮಳೆಗಾಲಕ್ಕೆ ಆಯಿತು. ಕೆಂಡದಲ್ಲಿ ಸುಟ್ಟು, ಜಜ್ಜಿ, ಜೋಳದ ರೊಟ್ಟಿಯೊಡನೆ ತಿಂದವರಿಗೆ ಅದರ ರುಚಿ ಹೇಳಬೇಕಾಗಿಲ್ಲ.

ಇದರಲ್ಲಿರುವ ವಿಜ್ಞಾನ ನಮ್ಮ ಪಾಠಪುಸ್ತಕದ್ದೇ. ಹಸಿ ಖಂಡದ ಮುಕ್ಕಾಲು ಭಾಗ ನೀರು. ನೀರಿಲ್ಲದೆ ಬ್ಯಾಕ್ಟೀರಿಯಾ ಬೆಳೆಯದು. ಒಣದ್ರಾಕ್ಷಿಯನ್ನು ನೀರಿಗೂ ಸಕ್ಕರೆ ಪಾಕಕ್ಕೂ ಹಾಕುವ ಪ್ರಯೋಗ ಮಾಡಿದ ವಿದ್ಯಾರ್ಥಿಗಳಿಗೆ ಗೊತ್ತು, ನೀರು ಸಾಂದ್ರ ದ್ರಾವಣದ ಕಡೆ ಹೋಗುತ್ತದೆ. ಉಪ್ಪು ಮಾಡುವುದೂ ಅದನ್ನೇ: ಖಂಡದ ನೀರನ್ನು, ಬ್ಯಾಕ್ಟೀರಿಯಾದ ಒಳಗಿನ ನೀರನ್ನು ಹೊರಗೆಳೆಯುತ್ತದೆ. ಉಳಿದದ್ದನ್ನು ನಮ್ಮ ಒಣಗಾಳಿ ಮುಗಿಸುತ್ತದೆ. ತೆಳ್ಳಗೆ ಸೀಳುವುದೂ ಸುಮ್ಮನೆ ಅಲ್ಲ. ದಪ್ಪ ತುಂಡು ಮೇಲೆ ಒಣಗಿ ಒಳಗೆ ಕೊಳೆಯುತ್ತದೆ.

ಫ್ರಿಜ್ಜಿನ ಬಗ್ಗೆ ಪಾಲಕರಿಗೆ ಒಂದು ಮಾತು. 4 ಡಿಗ್ರಿಯ ತಂಪು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಹಸಿ ಖಂಡ ಅಲ್ಲಿ ಒಂದೆರಡು ದಿನ ಇದ್ದೀತು. ಹೆಪ್ಪುಗಟ್ಟಿಸುವುದಾದರೆ ಒಂದೊಂದು ಊಟಕ್ಕಾಗುವಷ್ಟು ಬೇರೆ ಮಾಡಿ ಇಡಿ. ಕರೆಂಟು ಹೋಗಿ ಪೂರ್ತಿ ಕರಗಿ ಬೆಚ್ಚಗಾದ ಖಂಡವನ್ನು ಮತ್ತೆ ಗಟ್ಟಿ ಮಾಡಿ ತಿನ್ನುವ ಉಳಿತಾಯ ಬೇಡ.

ಇಷ್ಟೆಲ್ಲ ಬಲ್ಲವರು ಖಂಡದಂಗಡಿಯವರು: ಕಾಟಿಕ ಸಮಾಜದವರು, ಮುಸ್ಲಿಮರಲ್ಲಿ ಕಸಾಬರು. ಕಣ್ಣು, ಹಲ್ಲು ನೋಡಿ ಕುರಿಯ ಆರೋಗ್ಯ, ವಯಸ್ಸು ಹೇಳಬಲ್ಲವರು. ಊರು ಅವರ ಕೈಯ ಖಂಡ ತಿನ್ನುತ್ತದೆ. ಅವರ ಕಸುಬಿನ ಹೆಸರು ಹೇಳುವಾಗ ಮಾತ್ರ ದನಿ ತಗ್ಗಿಸುತ್ತದೆ. ಇದು ನನಗೆ ಹಿಡಿಸದ ಸಂಗತಿ.

ಹೃದಯದ ಪಾಠಕ್ಕೆ ನಾನು ಪ್ರತಿ ವರ್ಷ ಅಂಗಡಿಯಿಂದ ಕುರಿಯ ಹೃದಯ ತರಿಸುತ್ತೇನೆ. ಒಮ್ಮೆ ಅದನ್ನು ಸೀಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಮುಂದೆ ಬಂದ. ಅವನ ತಂದೆಯದು ಖಂಡದಂಗಡಿ. “ಸರ್, ಈ ಕಡೆ ಗ್ವಾಡಿ ದಪ್ಪ ಐತ್ರಿ, ಆ ಕಡೆ ತೆಳ್ಳಗ” ಎಂದು ಎಡ ಹೃತ್ಕುಕ್ಷಿಯನ್ನು ಬೆರಳಿಟ್ಟು ತೋರಿಸಿದ. ಯಾಕೆ ಎಂದೆ. “ಮೈಗೆಲ್ಲಾ ರಕ್ತ ದೂಡಬೇಕಲ್ರಿ!” ತರಗತಿ ಬಾಯಿಬಿಟ್ಟು ನೋಡಿತು. ಹಾಜರಿ ಪುಸ್ತಕದಲ್ಲಿ ತಂದೆಯ ಉದ್ಯೋಗ ಎಂಬ ಕಡೆ ಅವನು ‘ವ್ಯಾಪಾರ’ ಎಂದು ಬರೆಸಿದ್ದ.