ಹೊಟ್ಟೆಯ ಮೇಲೊಂದು ಮರದ ಆನೆ

ಕಳೆದ ವರ್ಷ ನಮ್ಮ ಅಕ್ಕನ ಮನೆಯಲ್ಲಿ ಬೆಳಗಿನ ಏಳೂವರೆ ಅಂದರೆ ಹೊಟ್ಟೆನೋವಿನ ಹೊತ್ತು. ನಾಲ್ಕನೇ ಕ್ಲಾಸಿನ ಪುಟ್ಟಿ ಯೂನಿಫಾರ್ಮ್ ಹಾಕಿಕೊಂಡು, ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು, ಹೊಟ್ಟೆ ಹಿಡಿದುಕೊಂಡು ಸೋಫಾ ಮೂಲೆಯಲ್ಲಿ ಮುದುಡಿ ಕೂತುಬಿಡುತ್ತಿದ್ದಳು. ಶಾಲೆಯ ವ್ಯಾನ್ ಹೋದ ಅರ್ಧ ಗಂಟೆಗೆ ನೋವು ಮಾಯ! ಭಾವ "ಎಲ್ಲಾ ನಾಟಕ" ಅಂದರು. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಮಕ್ಕಳ ಡಾಕ್ಟರು ಸ್ಕ್ಯಾನ್ ಮಾಡಿಸಿ, "ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ. ಆದರೆ ನೋವು ಸುಳ್ಳಲ್ಲ. ಮಗು ಹೆದರಿದೆ" ಅಂದರು.

ಆ ಮಾತು ನಮ್ಮ ಮನೆಯಲ್ಲಿ ಯಾರಿಗೂ ಸುಲಭಕ್ಕೆ ಇಳಿಯಲಿಲ್ಲ. ಹೊಟ್ಟೆ ತುಂಬ ಊಟ, ಮೈತುಂಬ ಬಟ್ಟೆ, ಕೇಳಿದ್ದು ಕೊಡಿಸೋ ಅಪ್ಪ ಅಮ್ಮ ಇರುವ ಮಗುವಿಗೆ ಎಂಥ ಹೆದರಿಕೆ? "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎನ್ನುವುದು ಭಾವನ ಪ್ರಶ್ನೆ. ಇತ್ತು, ಹೆಸರಿರಲಿಲ್ಲ ಅಷ್ಟೆ. ಊಟ ಮಾಡದಿದ್ದರೆ ಗುಮ್ಮ ಬರ್ತಾನೆ, ನಿದ್ದೆ ಮಾಡದಿದ್ದರೆ ಪೊಲೀಸ್ ಬರ್ತಾನೆ ಅಂತ ಹೇಳಿ ಹೇಳಿ ಗುಮ್ಮನನ್ನು ಮನೆಗೆ ಕರೆತರುವವರು ನಾವೇ ದೊಡ್ಡವರು. ಆಮೇಲೆ ಅವನು ಎದ್ದು ಹೋಗುತ್ತಿಲ್ಲ ಅಂತ ಮಗುವನ್ನೇ ಗದರುತ್ತೇವೆ.

ನಾನು ಸಾಫ್ಟ್‌ವೇರ್ ಕೆಲಸದವನು. ಅಕ್ಕನ ಮನೆಯಿಂದ ಎರಡು ರಸ್ತೆ ಆಚೆ ಅಮ್ಮನ ಜೊತೆ ಇದ್ದೇನೆ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಹಾಗಾಗಿ ಶಾಲೆಗೆ ಹೋಗದ ದಿನಗಳಲ್ಲಿ ಪುಟ್ಟಿ ನನ್ನ ಪಾಲಿಗೆ ಬರುತ್ತಿದ್ದಳು. ನಮ್ಮ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಏನಾದರೂ ಪದೇ ಪದೇ ಕೆಟ್ಟರೆ ಮೊದಲು ಯಾವಾಗ ಕೆಡುತ್ತದೆ ಅಂತ ಬರೆದಿಡುತ್ತೇವೆ. ಒಂದು ಹಳೇ ಡೈರಿಯಲ್ಲಿ ನಾನೂ ಪುಟ್ಟಿಯೂ ಸೇರಿ ದಿನಕ್ಕೊಂದು ಗೆರೆ ಬರೆಯತೊಡಗಿದೆವು. ಹೊಟ್ಟೆನೋವಿಗೆ 0ಯಿಂದ 10ರೊಳಗೆ ಅವಳೇ ಅಂಕಿ ಕೊಡಬೇಕು. ಮೂರು ವಾರದಲ್ಲಿ ಚಿತ್ರ ಸ್ಪಷ್ಟವಾಯಿತು: ಸೋಮವಾರ 8, ಗುರುವಾರ 9, ಉಳಿದ ದಿನ 3, 4. ಟೈಮ್‌ಟೇಬಲ್ ತೆಗೆದು ನೋಡಿದರೆ ಆ ಎರಡು ದಿನ ಮಾತ್ರ ಮಕ್ಕಳು ಎದ್ದು ನಿಂತು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುವ ಪೀರಿಯಡ್! ಹಾಸನದಿಂದ ಬೆಂಗಳೂರಿಗೆ ಬಂದ ಹೊಸತರಲ್ಲಿ ಒಂದು ಪದ ತಪ್ಪಾಗಿ ಓದಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತಂತೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಡೈರಿ ಹಿಡಿದುಕೊಂಡು ಅಕ್ಕ, ಭಾವ, ನಾನು ಮೂವರೂ ಮಕ್ಕಳ ಕೌನ್ಸೆಲರ್ ಒಬ್ಬರ ಹತ್ತಿರ ಹೋದೆವು. ಆಕೆ ಮೊದಲು ಹೊಟ್ಟೆನೋವಿನ ಕಾರಣ ವಿವರಿಸಿದರು. ಹೆದರಿಕೆಯಾದಾಗ ಮೈ ಓಡಲು ಇಲ್ಲವೇ ಹೋರಾಡಲು ಸಿದ್ಧವಾಗುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತ ಕೈಕಾಲಿನ ಕಡೆ ಹರಿಯುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಅದಕ್ಕೇ ಹೊಟ್ಟೆ ಹಿಂಡಿದಂತಾಗುವುದು, ವಾಂತಿ ಬಂದಂತಾಗುವುದು. ಎದುರಿಗೆ ಹುಲಿ ಬಂದರೂ ಇಂಗ್ಲಿಷ್ ಪಾಠ ಬಂದರೂ ಮೈ ಮಾಡುವುದು ಇದನ್ನೇ. ಇನ್ನೊಂದು ಮಾತನ್ನೂ ಒತ್ತಿ ಹೇಳಿದರು: "ಶಾಲೆ ತಪ್ಪಿಸಿದಷ್ಟೂ ಹೆದರಿಕೆ ಬೆಳೆಯುತ್ತೆ. ದಬ್ಬಬೇಡಿ, ಆದರೆ ಬಿಟ್ಟೂ ಬಿಡಬೇಡಿ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ." ಮೆಟ್ಟಿಲು ಹತ್ತಲು ಬೇಕಾದ ಧೈರ್ಯಕ್ಕೆ ಅವರು ಕೊಟ್ಟ ಮದ್ದು ಬಣ್ಣ, ಮಣ್ಣು ಮತ್ತು ಉಸಿರು.

ಮೊದಲಿಗೆ ಉಸಿರು. "ದೀರ್ಘವಾಗಿ ಉಸಿರಾಡು" ಅಂದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ಭುಜ ಮೇಲೆತ್ತಿ ಎದೆ ಉಬ್ಬಿಸುತ್ತಾರೆ, ಅಷ್ಟೆ. ಹಾಗಾಗಿ ಚಾಪೆ ಹಾಸಿ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಚನ್ನಪಟ್ಟಣದ ಪುಟ್ಟ ಮರದ ಆನೆ ಇಟ್ಟೆವು. ಮೂರು ಎಣಿಸುವಷ್ಟರಲ್ಲಿ ಆನೆ ಬೆಟ್ಟ ಹತ್ತಬೇಕು, ಐದು ಎಣಿಸುತ್ತಾ ಮೆಲ್ಲಗೆ ಇಳಿಯಬೇಕು, ಬೀಳಬಾರದು. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದವಿದ್ದಾಗ ಎದೆಬಡಿತ ನಿಧಾನವಾಗುತ್ತದೆ. ನಮ್ಮ ಭ್ರಾಮರಿ ಪ್ರಾಣಾಯಾಮದಲ್ಲೂ ಇದೇ ಇದೆ ನೋಡಿ, ದುಂಬಿಯಂತೆ ಗುಂಯ್ ಅನ್ನಬೇಕಾದರೆ ಉಸಿರು ತಾನಾಗಿ ಉದ್ದವಾಗುತ್ತದೆ. ಒಂದು ಭಾನುವಾರ ಭಾವನೂ ಚಾಪೆಯ ಮೇಲೆ ಮಲಗಿದರು. ಅವರ ಹೊಟ್ಟೆಯ ಮೇಲೆ ಆನೆ ನಿಲ್ಲಲೇ ಇಲ್ಲ! ತಿಂಗಳುಗಳ ನಂತರ ಪುಟ್ಟಿ ಅಷ್ಟು ಜೋರಾಗಿ ನಕ್ಕಿದ್ದು ಅವತ್ತು. "ನಾಟಕ" ಎಂಬ ಮಾತನ್ನು ಭಾವ ಮತ್ತೆ ಆಡಲಿಲ್ಲ.

ಎರಡನೆಯದು ಬಿಗಿಮಾಡಿ ಬಿಡುವ ಆಟ. ಸ್ನಾಯುಗಳನ್ನು ಬೇಕೆಂದೇ ಬಿಗಿದು ಆಮೇಲೆ ಸಡಿಲಿಸಿದರೆ ಮನಸ್ಸೂ ಸಡಿಲವಾಗುತ್ತದೆ ಎಂಬುದನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸುಮಾರು ನೂರು ವರ್ಷದ ಹಿಂದೆಯೇ ಒಂದು ಕ್ರಮವಾಗಿ ರೂಪಿಸಿದರು. 1929ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ನಮ್ಮ ಮನೆಯಲ್ಲಿ ಅದರ ಹೆಸರು ನಿಂಬೆಹಣ್ಣಿನ ಆಟ. ಮುಷ್ಟಿಯಲ್ಲಿ ನಿಂಬೆಹಣ್ಣಿದೆ ಅಂದುಕೊಂಡು ಐದು ಎಣಿಸುವವರೆಗೆ ಹಿಂಡು, ಆಮೇಲೆ ತೊಪ್ಪನೆ ಬಿಡು. ಭುಜವನ್ನು ಆಮೆಯಂತೆ ಕಿವಿಯವರೆಗೆ ಎತ್ತು, ಬಿಡು. ಸಂಜೆ ಅಜ್ಜಿ ಚಪಾತಿ ಹಿಟ್ಟನ್ನೇ ನಾದಲು ಕೊಟ್ಟರೆ ಇನ್ನೂ ಒಳ್ಳೆಯದು. ಚಪಾತಿಯೂ ಮೆತ್ತಗಾಗುತ್ತದೆ, ಮೊಮ್ಮಗಳೂ ಮೆತ್ತಗಾಗುತ್ತಾಳೆ.

ಮೂರನೆಯದು ಚಿತ್ರ. "ನಿನ್ನ ಹೆದರಿಕೆ ನೋಡೋಕೆ ಹೇಗಿದೆ, ಬರಿ ನೋಡೋಣ" ಅಂದಾಗ ಅವಳು ಕಪ್ಪು ಹಲಗೆಯಷ್ಟು ದೊಡ್ಡ ಬಾಯಿಯ ಹಲ್ಲಿ ಬರೆದಳು. ಹೊಟ್ಟೆಯೊಳಗಿದ್ದದ್ದು ಹಾಳೆಯ ಮೇಲೆ ಬಂದಮೇಲೆ ಅದರ ಜೊತೆ ಮಾತಾಡಬಹುದು, ಅದಕ್ಕೆ ಮೀಸೆ ಇಡಬಹುದು, ಜುಟ್ಟು ಕಟ್ಟಬಹುದು. ಒಂದು ವಾರದ ನಂತರ ಹಲ್ಲಿಗೆ ಲಂಗ ಬಂತು, ಕೈಯಲ್ಲಿ ಐಸ್‌ಕ್ರೀಮ್ ಬಂತು. ಕೌನ್ಸೆಲರ್ ಹೇಳಿದ ನಿಯಮ ಒಂದೇ: ಚಿತ್ರಕ್ಕೆ ಮಾರ್ಕ್ಸ್ ಇಲ್ಲ. "ಸೂಪರ್" ಅನ್ನಬಾರದು, "ಹಲ್ಲಿಗೆ ಎಲ್ಲಾದ್ರೂ ಐದು ಕಾಲು ಇರುತ್ತಾ?" ಅಂತಲೂ ಅನ್ನಬಾರದು. "ಇಲ್ಲಿ ಏನಾಗ್ತಿದೆ ಹೇಳು" ಅಂದರೆ ಸಾಕು, ಉಳಿದದ್ದನ್ನು ಮಗುವೇ ಹೇಳುತ್ತದೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರು ನಮ್ಮಮ್ಮ. ಅವರು ಪುಟ್ಟಿಗೆ ರಂಗೋಲಿ ಕಲಿಸಿದರು. ಸಂದು ಚುಕ್ಕಿ, ನಡುವೆ 7, ಮೇಲೂ ಕೆಳಗೂ 6, 5, 4. ಒಟ್ಟು 37 ಚುಕ್ಕಿ. ಎಣಿಸುತ್ತಾ ಇಡುವಾಗ ಕೈ ನಿಧಾನವಾಗುತ್ತದೆ, ಬೇರೆ ಯೋಚನೆಗೆ ತಲೆಯಲ್ಲಿ ಜಾಗವಿರುವುದಿಲ್ಲ. ಒಂದು ದಿನ ಗೆರೆ ತಪ್ಪಿ ಅವಳು ಅಳುಮುಖ ಮಾಡಿದಾಗ ಅಮ್ಮ ಹೇಳಿದ್ದು ಇಷ್ಟೇ: "ಹೋಗ್ಲಿ ಬಿಡೇ, ನಾಳೆ ಹೆಂಗೂ ಗುಡಿಸ್ತೀವಿ." ತಪ್ಪಿದರೆ ನಾಳೆ ಅಳಿಸಿಹೋಗುತ್ತದೆ, ಮತ್ತೆ ಹೊಸದಾಗಿ ಇಡಬಹುದು ಎಂಬುದನ್ನು ಆ ಮಗುವಿಗೆ ನಾವ್ಯಾರೂ ಅಷ್ಟು ಸರಳವಾಗಿ ಹೇಳಿರಲಿಲ್ಲ.

ಮೆಟ್ಟಿಲಿನ ವಿಷಯಕ್ಕೆ ಬರೋಣ. ಹಳೇ ಕಾಲುಚೀಲಕ್ಕೆ ಗುಂಡಿ ಹೊಲಿದು ಒಂದು ಗೊಂಬೆ ಮಾಡಿದೆವು. ಮೊದಲು ಇಂಗ್ಲಿಷ್ ಪಾಠ ಓದಿದ್ದು ಆ ಗೊಂಬೆ. ತಪ್ಪು ಮಾಡಿದರೆ ಗೊಂಬೆಯದ್ದೇ ತಪ್ಪು, ನಗುವವರು ಗೊಂಬೆಗೆ ನಗಲಿ! ನಂತರ ಅಜ್ಜಿಯ ಎದುರು, ಆಮೇಲೆ ಅಪ್ಪನ ಎದುರು ಗೊಂಬೆಯಿಲ್ಲದೆ. ಅಕ್ಕ ಹೋಗಿ ಟೀಚರ್ ಹತ್ತಿರ ಮಾತಾಡಿದಳು. ಅವರೂ ಒಪ್ಪಿ, ಮೊದಲೆರಡು ವಾರ ತಮ್ಮ ಮೇಜಿನ ಪಕ್ಕ ಒಂದೇ ವಾಕ್ಯ, ಆಮೇಲೆ ಪಕ್ಕದ ಗೆಳತಿಯ ಜೊತೆ ಸೇರಿ ಓದಲು ಅವಕಾಶ ಕೊಟ್ಟರು.

ಎಲ್ಲ ನೇರವಾಗಿ ಆಯಿತು ಅಂತಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಬೆಳಗ್ಗೆ ಪುಟ್ಟಿ ಎರಡು ಸಲ ವಾಂತಿ ಮಾಡಿದಳು, ಅಕ್ಕ ಫೋನ್ ಮಾಡಿ "ಮತ್ತೆ ಶುರುವಾಯ್ತು ಕಣೋ" ಅಂತ ಅತ್ತಳು. ಕೌನ್ಸೆಲರ್ ಮಾತ್ರ ಗಾಬರಿಯಾಗಲಿಲ್ಲ. ಹೆದರಿಕೆ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ, ಬಂದಾಗ ಏನು ಮಾಡಬೇಕು ಅಂತ ಮಗುವಿಗೆ ಗೊತ್ತಿದ್ದರೆ ಸಾಕು ಅಂದರು. ಮುಖ ತೊಳೆದುಕೊಂಡು, ಅಕ್ಕನ ಪಕ್ಕ ಹತ್ತು ನಿಮಿಷ ಆನೆಯ ಉಸಿರು ಮಾಡಿ ಪುಟ್ಟಿ ಪರೀಕ್ಷೆಗೆ ಹೋದಳು. ಆ ದಿನದ ಅಂಕಿ 7. ಹಿಂದೆಲ್ಲ 7 ಇದ್ದ ದಿನ ಅವಳು ಮನೆಯಲ್ಲೇ ಉಳಿಯುತ್ತಿದ್ದಳು.

ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ದುಬಾರಿ ಕ್ಲಾಸು ಹುಡುಕಬೇಕಾಗಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ಒಂದಿಷ್ಟು ಬಣ್ಣ, ಹಿಡಿ ಜೇಡಿಮಣ್ಣು, ಫೋನ್ ಪಕ್ಕಕ್ಕಿಟ್ಟು ಕೂರುವ ಒಬ್ಬ ದೊಡ್ಡವರು ಸಾಕು. ಹತ್ತು ಮಕ್ಕಳ ಜೊತೆ ಬೆರೆಯಲಿ ಅನ್ನಿಸಿದರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನ, ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥ ಬೇಸಿಗೆ ಶಿಬಿರಗಳಿವೆ. ಆದರೆ ಊಟ, ನಿದ್ದೆ, ಶಾಲೆ ವಾರಗಟ್ಟಲೆ ಕೆಟ್ಟರೆ ಮನೆಮದ್ದಿನಲ್ಲೇ ಕಾಲ ಕಳೆಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೆ ಫೋನ್ ಮಾಡಿದರೆ ಮಗುವಿಗೆ ಹುಚ್ಚು ಅಂತ ಅರ್ಥವಲ್ಲ, ಜ್ವರಕ್ಕೆ ಡಾಕ್ಟರ ಹತ್ತಿರ ಹೋದ ಹಾಗೇ ಇದೂ.

ಫೆಬ್ರವರಿಯ ಒಂದು ಗುರುವಾರ ಪುಟ್ಟಿ ಕ್ಲಾಸಿನಲ್ಲಿ ಒಬ್ಬಳೇ ಎದ್ದು ನಿಂತು ನಾಲ್ಕು ಸಾಲು ಓದಿದಳು. ಒಂದು ಪದ ತಪ್ಪಾಯಿತಂತೆ, ಹಿಂದಿನ ಬೆಂಚಿನ ಯಾರೋ ಕಿಸಕ್ಕೆಂದರಂತೆ. "ಆಮೇಲೆ ಏನ್ಮಾಡ್ದೆ?" ಅಂತ ಕೇಳಿದೆ. "ಏನಿಲ್ಲ ಮಾಮ, ನಿಂಬೆಹಣ್ಣು ಹಿಂಡ್ದೆ, ಮುಂದಿನ ಸಾಲು ಓದ್ದೆ" ಅಂದಳು.