ಟ್ರಂಕಿನೊಳಗಿನ ಪತ್ತೇದಾರಿ



ಮಗಳು ಒಂದು ವಿಚಿತ್ರ ಪುಸ್ತಕ ತಂದಿದ್ದಾಳೆ. 'ಕೇನ್ಸ್ ಜಾಬೋನ್' ಅಂತ. 1934ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಬರೆದದ್ದು. 100 ಪುಟ, ಆರು ಕೊಲೆ. ಪುಟಗಳನ್ನ ಬೇಕಂತಲೇ ಹಿಂದುಮುಂದು ಮಾಡಿ ಅಚ್ಚು ಹಾಕಿದ್ದಾರೆ. ನಾವೇ ಸರಿಯಾಗಿ ಜೋಡಿಸಿ, ಯಾರು ಯಾರನ್ನ ಕೊಂದರು ಅಂತ ಹೇಳಬೇಕು. ಆಗಿನ ಕಾಲದಲ್ಲಿ ಸರಿಯುತ್ತರ ಕಳಿಸಿ ಬಹುಮಾನ ಗೆದ್ದವರು ಇಬ್ಬರೇ.

ನನ್ನ ಬಿಎ ಇಂಗ್ಲಿಷಿಗೆ ಅದು ನಿಲುಕಲಿಲ್ಲ. ಆದ್ರೆ ಗುಮಾಸ್ತನ ಕೆಲಸವೇ ಹಾಳೆ ಜೋಡಿಸೋದು. ಅವಳು ಪುಟ ಹರಡಿಕೊಂಡಿದ್ದ ಪಕ್ಕದಲ್ಲೇ, ಅಪ್ಪನ ಟ್ರಂಕಿನಲ್ಲಿದ್ದ ಜಮೀನಿನ ಕಾಗದಗಳನ್ನ ತಾರೀಖಿನ ಪ್ರಕಾರ ಇಡ್ತಾ ಹೋದೆ. ಸಾಗುವಳಿ ಚೀಟಿ, ಪಹಣಿ, ತಾತನ ಡೆತ್ ಸರ್ಟಿಫಿಕೇಟ್, ಆಮೇಲೆ ಕ್ರಯಪತ್ರ.

ಕೈ ನಿಂತುಹೋಯ್ತು. ತಾತ ತೀರಿಕೊಂಡಿದ್ದು 1986ರಲ್ಲಿ. ಕ್ರಯಪತ್ರದ ಮೇಲೆ ತಾತನ ಹೆಬ್ಬೆಟ್ಟು ಬಿದ್ದಿರೋದು 1988ರಲ್ಲಿ!

'ತಾತ ಕುಡಿದು ಎರಡೆಕರೆ ಮಾರ್ಕೊಂಡ' ಅಂತ ಬೈಕೊಂಡೇ ಬೆಳೆದವರು ನಾವು. ಅಪ್ಪನೂ ಹಂಗೇ ನಂಬಿ ಸತ್ತ.

1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ನಮ್ಮವರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗೇ ಇಲ್ಲ. ಈ ಕಾಯ್ದೆಯಡಿ ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಬಂದಿದೆ. ಸೋಮವಾರ ಎಸಿ ಕಚೇರಿಗೆ ಅರ್ಜಿ ಹಾಕ್ತಿದ್ದೀನಿ.

ನಿಮ್ಮ ಮನೇಲೂ ಅಂಥ ಟ್ರಂಕ್ ಇದ್ರೆ ಇವತ್ತೇ ತೆಗೀರಿ. ಒಂದೊಂದೇ ಕಾಗದ ಓದಬೇಡಿ, ಎಲ್ಲಾನೂ ನೆಲದ ಮೇಲೆ ಸಾಲಾಗಿ ಇಟ್ಟು ನೋಡಿ.

ಮಗಳ ಆರು ಕೊಲೆ ಇನ್ನೂ ಬಗೆಹರಿದಿಲ್ಲ.

ತಪ್ಪಾಯ್ತು ತಾತ. ಜೈ ಭೀಮ್.