ಅಕ್ಕನ ಮದ್ವೆ ಸೀರೆ, ಮಗನ ಸ್ಟೋಲು

ನನ್ನ ಸ್ಟೇಟಸ್ಸಿನಲ್ಲಿದ್ದ ಫೋಟೋ ನೋಡಿ ಮಳವಳ್ಳಿ ಚಿಕ್ಕಮ್ಮ ಫೋನ್ ಮಾಡಿದ್ರು. "ಏನವ್ವಾ ಅದು, ಅಂಗೈ ಅಗಲ, ಆಳುದ್ದ? ಟೇಬಲ್ಲಿಗೆ ಹಾಸೋದಾ, ಗಂಡುಸ್ರ ಶಲ್ಯವಾ?" ಅಂತ. ನಾದಿನಿ ಅಂತೂ ಮದ್ವೆ ಮನೆ ತೋರಣ ಅಂದ್ಕಂಡ್ಳಂತೆ. ಒಬ್ಬೊಬ್ರಿಗೂ ಫೋನಲ್ಲಿ ಹೇಳಿ ಸಾಕಾಯ್ತು, ಇಲ್ಲೇ ಬರ್ದುಬುಡ್ತೀನಿ.

ಅದು ಸ್ಟೋಲು ಕಣ್ರವ್ವಾ. ಚರ್ಚಲ್ಲಿ ಫಾದರು ಪೂಜೆ ಮಾಡುವಾಗ ಬಿಳಿ ನಿಲುವಂಗಿ ಮೇಲೆ ಕೊರಳಿಂದ ಎರಡೂ ಕಡೆ ಇಳಿಬಿಟ್ಟುಕೊಳ್ಳುವ ಪಟ್ಟಿ. ಪಕ್ಕದ್ಮನೆ ಅಕ್ಕನ ಮಗನಿಗೆ ಹೊಲ್ದಿದ್ದು. ಅಕ್ಕ ನಿಮಗೆಲ್ಲ ಗೊತ್ತು. ಸಂಕ್ರಾಂತಿಗೆ ನಮ್ಮನೆ ಎಳ್ಳು ಬೆಲ್ಲ ಮೊದಲು ಹೋಗೋದು ಆ ಗೋಡೆ ದಾಟಿ, ಕ್ರಿಸ್ಮಸ್ಸಿಗೆ ಅವ್ರ ಕರ್ಜಿಕಾಯಿ ಮೊದಲು ಬರೋದು ಈ ಗೋಡೆ ದಾಟಿ. ಆ ಹುಡ್ಗ ನಮ್ಮ ಜಗಲಿ ಮೇಲೇ ಆಡ್ಕಂಡು ಬೆಳೆದೋನು. ಪಿಯುಸಿ ಆದ್ಮೇಲೆ ಫಾದರಾಗ್ತೀನಿ ಅಂತ ಹೊರಟ. ಮಲ್ಲೇಶ್ವರದ ಸೇಂಟ್ ಪೀಟರ್ಸ್ ಸೆಮಿನರಿಯಲ್ಲಿ ಅವನ ಓದು ವರ್ಷಗಟ್ಟಲೆ ನಡೀತು. ಡಾಕ್ಟ್ರು ಓದೋರು ಬೇಗ ಮುಗಿಸ್ತಾರೆ ಅಂತ ಅಣ್ಣ ಯಾವಾಗ್ಲೂ ಹೇಳೋರು.

ಫಾದರಾಗೋಕೆ ಮುಂಚೆ ಕೆಲವು ತಿಂಗಳು ಡೀಕನ್ ಅಂತ ಇರ್ತಾರೆ. ಆಗಲೂ ಸ್ಟೋಲು ಉಂಟು, ಆದ್ರೆ ಅಡ್ಡ: ಎಡ ಭುಜದ ಮೇಲಿಂದ ಎದೆ ಹಾದು ಬಲ ಪಕ್ಕಕ್ಕೆ. ಒಂದ್ಸಲ ಹುಡ್ಗ ಹಂಗೆ ಹಾಕ್ಕಂಡಿದ್ದ ಫೋಟೋ ತೋರಿಸ್ದಾಗ ನಮ್ಮತ್ತೆ "ಇದೇನ್ಲಾ, ಜನಿವಾರದಂಗೇ ಅದೆ" ಅಂದ್ರು. ನಿಜವೇ, ಅದೂ ಎಡ ಭುಜದಿಂದ ಬಲಕ್ಕೇ ತಾನೆ. ಗುರುದೀಕ್ಷೆ ಆದ ದಿನ ಆ ಅಡ್ಡ ಪಟ್ಟಿ ನೇರ ಆಗ್ತದೆ.

ಬಣ್ಣ ಬಣ್ಣದ್ದು ಇರ್ತವೆ, ಬಣ್ಣಕ್ಕೊಂದು ಕಾಲ. ಕ್ರಿಸ್ಮಸ್ಸು, ಈಸ್ಟರು, ಗುರುದೀಕ್ಷೆಗೆ ಬಿಳಿ. ಗರಿಗಳ ಭಾನುವಾರ, ಶುಭ ಶುಕ್ರವಾರ, ಪ್ರಾಣ ಕೊಟ್ಟ ಸಂತರ ಹಬ್ಬಕ್ಕೆ ಕೆಂಪು. ತಪಸ್ಸುಕಾಲಕ್ಕೆ, ಪಾಪನಿವೇದನೆ ಕೇಳೋಕೆ ನೇರಳೆ. ಹಬ್ಬ ಹುಣ್ಣಿಮೆ ಇಲ್ಲದ ಮಾಮೂಲಿ ದಿನಕ್ಕೆ ಹಸಿರು. ವರ್ಷದಲ್ಲಿ ಎರಡೇ ಭಾನುವಾರ ಗುಲಾಬಿನೂ ಹಾಕ್ಬೋದಂತೆ. ರೆಡಿಮೇಡು ಬೆಂಗಳೂರು ಶಿವಾಜಿನಗರದಲ್ಲಿ ಸೇಂಟ್ ಮೇರೀಸ್ ಬಸಿಲಿಕದ ಸುತ್ತಮುತ್ತ ಸಿಗ್ತವೆ. ಆ ಚರ್ಚಲ್ಲಿ ಮರಿಯಮ್ಮನಿಗೆ ಸೀರೆ ಉಡಿಸಿರ್ತಾರೆ, ಒಂದ್ಸಲ ನೋಡ್ಕಂಬನ್ನಿ, ನೆರಿಗೆ ಕೂರಿಸಿರೋದು ನೋಡೋಕಾದ್ರೂ ಹೋಗ್ಬೇಕು.

ಅಕ್ಕ ರೆಡಿಮೇಡು ತರ್ಲಿಲ್ಲ. ಒಂದಿನ ಮಧ್ಯಾಹ್ನ ಹಳೇ ಬೆಡ್‌ಶೀಟಲ್ಲಿ ಸುತ್ತಿದ್ದ ಗಂಟೊಂದು ತಂದು ನನ್ನ ಮಿಷನ್ ಮೇಲೆ ಇಟ್ರು. ಅವ್ರ ಮದ್ವೆ ಸೀರೆ. ಹಾಲ್ಕೆನೆ ಬಣ್ಣದ ರೇಷ್ಮೆ, ಮೂರಿಂಚು ಜರಿ ಅಂಚು ಮೇಲೂ ಕೆಳಗೂ. "ಇದ್ರಲ್ಲಿ ಹೊಲ್ಕೊಡ್ತೀಯಾ?" ಅಂದ್ರು. ನಾನು ಬ್ಲೌಸು, ಚೂಡಿದಾರು, ಫಾಲ್ಸು, ಕುಚ್ಚು ಹಾಕೋಳು. ಸ್ಟೋಲನ್ನ ಕೈಲಿ ಹಿಡಿದೂ ನೋಡಿರ್ಲಿಲ್ಲ. ಆದ್ರೂ ಬಾಯಿ ಸುಮ್ಕಿರ್ಬೇಕಲ್ಲ, "ಅದೇನಕ್ಕ, ನಾಲ್ಕು ನೇರ ಹೊಲಿಗೆ" ಅಂದ್ಬುಟ್ಟೆ.

ಸೀರೆ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದಾಗ ಎದೆ ಧಸಕ್ ಅಂತು. ಮಡಿಕೆ ಮಡಿಕೆಯಲ್ಲೂ ಬಿರುಕು. ಇಪ್ಪತ್ತೆಂಟು ವರ್ಷ ಒಂದೇ ಮಡಿಕೇಲಿ ಟ್ರಂಕಲ್ಲಿ ಇಟ್ಟಿದ್ರೆ ರೇಷ್ಮೆ ಇನ್ನೇನಾಗ್ತದೆ. (ನೀವೂ ನೋಡ್ಕಳಿ. ಆರು ತಿಂಗಳಿಗೊಮ್ಮೆ ಬಿಚ್ಚಿ, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಕಡೆ ಮಡಿಚಿ ಇಡಿ. ಜರಿ ಸೀರೆ ಮಧ್ಯೆ ನುಸಿಗುಳಿಗೆ ನೇರವಾಗಿ ಹಾಕ್ಬೇಡಿ.) ಹುಡುಕಿ ಹುಡುಕಿ ನೋಡಿದ್ರೆ, ಒಳಸುತ್ತಿನ ಕಡೆ ಒಂದೂವರೆ ಗಜ ಮಾತ್ರ ಗಟ್ಟಿ ಇತ್ತು. ಅದ್ರಲ್ಲಿ ಮೇಲಿನ ಅಂಚಿಂದ ಒಂದು ಪಟ್ಟಿ, ಕೆಳಗಿನ ಅಂಚಿಂದ ಒಂದು ಪಟ್ಟಿ. ಬೇಕಾಗಿದ್ದೂ ಎರಡೇ. ಎದುರು ಬದುರು ಅಂಚು ಆದ್ದರಿಂದ ಕೊರಳಿಗೆ ಹಾಕ್ದಾಗ ಎರಡೂ ಕಡೆ ಜರಿ ಹೊರಗಡೆಗೇ ಬರ್ತದೆ, ಎಡಕ್ಕೊಂದು ಬಲಕ್ಕೊಂದು ಹೇಳಿ ಮಾಡಿಸ್ದಂಗೆ. ಕೆಟ್ಟರೆ ಮಾತ್ರ ಮೂರನೇದು ಇಲ್ಲ.

ಇಲ್ಲಿ ಹೊಲಿಗೆ ಗೊತ್ತಿರೋರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಡದೋರು ಮುಂದಕ್ಕೆ ಹೋಗಿ. ಸ್ಟೋಲು ಎರಡು ಪಟ್ಟಿ, ಕತ್ತಿನ ಹಿಂದೆ ಕೂಡ್ತವೆ. ಅಲ್ಲಿ ನೇರಕ್ಕೆ ಹೊಲಿದ್ರೆ ಅದು ಬರೀ ರಿಬ್ಬನ್ನು. ಕೊರಳಿಗೆ ಹಾಕಿದ್ರೆ ಕತ್ತಿನ ಹತ್ರ ಸುಕ್ಕಾಗಿ ಎದ್ದು ನಿಂತು, ಕೈ ಎತ್ತಿದಾಗೆಲ್ಲ ಭುಜದಿಂದ ಜಾರ್ತದೆ. ಅದಕ್ಕೆ ಕೊರಳ ಕಡೆ ಅಂಚು ಗಿಡ್ಡ, ಭುಜದ ಕಡೆ ಅಂಚು ಉದ್ದ ಬರೋ ಹಾಗೆ ಓರೆ ಕತ್ತರಿಸಿ ಕೂಡಿಸ್ಬೇಕು. ಹಾಸಿ ನೋಡಿದ್ರೆ ಮೊಣಕೈ ಮಡಚಿದ ಹಾಗೆ ಕಾಣ್ಬೇಕು. ಒಳಗೆ ಗಟ್ಟಿಗೆ ಕ್ಯಾನ್ವಾಸು. ಇಸ್ತ್ರಿ ಹಾಕಿದ್ರೆ ಅಂಟಿಕೊಳ್ಳೋ ಕ್ಯಾನ್ವಾಸು ಹಳೇ ರೇಷ್ಮೆಗೆ ಬೇಡ, ಅಂಟು ಮೇಲಕ್ಕೆ ಕಂಡ್ರೆ ಕತೆ ಮುಗೀತು. ನಾನು ಮಾಮೂಲಿ ಕಾಟನ್ ಕ್ಯಾನ್ವಾಸು ನೆನೆಸಿ ಒಣಗಿಸಿ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ಕೂರಿಸ್ದೆ. ನೆನೆಸದೆ ಹಾಕಿದ್ರೆ ಆಮೇಲೆ ಅದು ಕುಗ್ಗಿ ಮೇಲಿನ ರೇಷ್ಮೆ ಬುಸುಬುಸು ಅಂತ ಉಬ್ಕೊಳ್ತದೆ.

ನ್ಯೂಸ್ ಪೇಪರಲ್ಲಿ ಮಾದರಿ ಮಾಡ್ದೆ. ಹಳೇ ಪಂಚೆ ಕತ್ತರಿಸಿ ಹೊಲ್ದು ನೋಡ್ದೆ. ನಮ್ಮೆಜಮಾನ್ರ ಕೊರಳಿಗೆ ಹಾಕಿ ನಡುಮನೇಲಿ ಓಡಾಡಿಸ್ದೆ, "ಆಶೀರ್ವಾದ ಬೇಕಾದ್ರೆ ಕಾಫಿ ಕೊಡು" ಅಂದ್ರು. ಎಲ್ಲ ಸರಿ ಬಂತು. ಆಮೇಲೆ ಒಂದು ಸಂಜೆ ಸೀರೆಗೆ ಕತ್ತರಿ ಹಾಕ್ದೆ. ಪಟ್ಟಿ ಎರಡೂ ಐವತ್ನಾಲ್ಕು ಇಂಚಿಗೆ ಬಂದ್ವು. ಒಂದರ ಮೇಲೊಂದು ಮುಖ ಕೂಡಿಸಿಟ್ಟು, ಓರೆ ಗೆರೆ ಎಳ್ದು, ಕಟ್ ಮಾಡ್ದೆ. ಬಿಡಿಸಿ ನೋಡ್ತೀನಿ, ಓರೆ ಉಲ್ಟಾ! ಕೊರಳ ಕಡೆ ತಗೀಬೇಕಾದ ಬಟ್ಟೇನ ಜರಿ ಕಡೆಯಿಂದ ತಗದ್ಬುಟ್ಟಿದ್ದೀನಿ. ಮೊಣಕೈ ಹಿಂದುಮುಂದಾಗಿ ಮಡಚಿದಂಗೆ ಆಗಿತ್ತು.

ಆ ರಾತ್ರಿ ನಿದ್ದೆ ಬರ್ಲಿಲ್ಲ. ಯಾರೋ ಗಿರಾಕಿ ಬ್ಲೌಸ್ ಪೀಸ್ ಆಗಿದ್ರೆ ಹೊಸದು ತಂದು ಹೊಲ್ಕೊಡ್ಬೋದು. ಇದನ್ನ ಚಿಕ್ಕಪೇಟೇಲಿ ಹುಡುಕಿದ್ರೆ ಸಿಕ್ಕೀತಾ? ಹೇಳ್ದೆ ಮುಚ್ಚಿಡೋಣ ಅಂತಲೂ ಅನ್ನಿಸ್ತು, ಸುಳ್ಳು ಯಾಕೆ. ಬೆಳಿಗ್ಗೆ ಅಕ್ಕ ಹಾಲು ತಗಳಕೆ ಬಂದಾಗ ಅಲ್ಲೇ ಬಾಗ್ಲಲ್ಲಿ ಹೇಳ್ಬುಟ್ಟೆ. ಅಕ್ಕ ಹಾಲಿನ ಪಾತ್ರೆ ಕೆಳಗಿಟ್ಟು, ಪಟ್ಟಿ ಎರಡೂ ಕೈಗೆ ತಗಂಡು ನೋಡಿದ್ರು. "ನನ್ ಬ್ಲೌಸಿಗೆ ಎಲ್ಡೂ ಎಡಗೈ ತೋಳೇ ಕತ್ತರ್ಸಿದ್ದೆ, ಗ್ಯಾಪ್ಕ ಅದಾ? ಅವತ್ತೂ ನಾನೇನು ಸತ್ತೋಗ್ನಿಲ್ಲ. ಏನ್ ಮಾಡ್ಬೋದೋ ಮಾಡು" ಅಂತ ಹಾಲು ಎತ್ಕಂಡು ಹೋದ್ರು.

ಮಾಡ್ಬೋದಾಗಿದ್ದು ಒಂದೇ. ಇನ್ನೊಂದು ಕಡೆಯಿಂದಲೂ ಕತ್ತರಿಸಿ ಓರೆ ಸರಿ ಮಾಡೋದು. ಹಂಗೆ ಮಾಡ್ದೆ. ಉದ್ದ ಎರಡಿಂಚು ಹೋಯ್ತು, ಹುಡ್ಗ ಆರಡಿ ಹತ್ರ ಇದ್ರೂ ಮಂಡಿ ದಾಟ್ತದೆ, ಸಾಕು. ಆದ್ರೆ ಕತ್ತಿನ ಹಿಂದೆ ಜರಿಯ ಬಳ್ಳಿ ಸಾಲು ಕೂಡ್ಲಿಲ್ಲ. ಅರ್ಧ ಹೂ ಈ ಕಡೆ, ಅರ್ಧ ಎಲೆ ಆ ಕಡೆ. ಅದೃಷ್ಟಕ್ಕೆ ಸರಿಯಾಗಿ ಅಲ್ಲೇ ಒಂದು ಶಿಲುಬೆ ಬರ್ಬೇಕು. ಸ್ಟೋಲಿನ ಕತ್ತಿನ ಹಿಂದೆ ಶಿಲುಬೆ ಇಡೋದು ಹಿಂದಿಂದ ಬಂದದ್ದು, ಫಾದರು ಹಾಕ್ಕೊಳ್ಳೋ ಮುಂಚೆ ಅದಕ್ಕೆ ಮುತ್ತು ಕೊಡ್ತಾರೆ. ಒಂದಿಂಚಿನ ಶಿಲುಬೆ ಅಂದ್ಕಂಡಿದ್ದು ಎರಡೂವರೆ ಇಂಚಾಯ್ತು. ಆರಿ ವರ್ಕ್ ನಾನೇ ಮಾಡ್ದೆ, ಸರಪಳಿ ಹೊಲಿಗೆ, ಮಣಿ ಇಲ್ದೆ. ತುದಿಗೆ ಕುಚ್ಚು ಕಟ್ಟುವಾಗ "ಮುತ್ತಿನ ಮಣಿ ಹಾಕ್ಲಾ ಅಕ್ಕ?" ಅಂದೆ. "ಬ್ಯಾಡ ಕಣೆ, ಮದ್ಲಿಂಗಿತ್ತಿ ಅಲ್ಲ ಅವ್ನು" ಅಂದ್ರು. ಕೊರಳ ಒಳಮಗ್ಗುಲಿಗೆ ಬಿಳಿ ಕಾಟನ್ ಪಟ್ಟಿ ಒಂದು, ಬೆವರಿಗೆ. ಅದನ್ನ ಬಿಚ್ಚಿ ಒಗೆದು ಮತ್ತೆ ಹಾಕ್ಬೋದು, ರೇಷ್ಮೆ ಒಗೆಯೋಕಾಗಲ್ಲವಲ್ಲ. ನಮ್ಮ ಬ್ಲೌಸಿನ ಕಂಕುಳಿಗೆ ಪಟ್ಟಿ ಹಾಕ್ತೀವಲ್ಲ, ಅದೇ ಉಪಾಯ.

ಇಷ್ಟಕ್ಕೇ ಮುಗೀತು ಅಂದ್ಕಂಡ್ರೆ ಅಕ್ಕ ಮತ್ತೆ ಬಂದ್ರು. ಒಂದು ನೇರಳೆ ಸ್ಟೋಲು, ಎರಡಿಂಚು ಅಗಲದ್ದು ಸಾಕು, ಮೊದಲ ಪಾಪನಿವೇದನೆ ಕೇಳೋಕೆ. ಜೊತೆಗೆ ಒಂದು ಮೊಳ ಬಿಳಿ ಬಟ್ಟೆಗೆ ನಾಲ್ಕೂ ಸುತ್ತ ಹೆಮ್ಮಿಂಗು. ಆ ಬಟ್ಟೆ ಯಾತಕ್ಕೆ ಅಂದೆ. ಗುರುದೀಕ್ಷೇಲಿ ಬಿಷಪ್ಪು ಹುಡ್ಗನ ಅಂಗೈಗಳಿಗೆ ಪವಿತ್ರ ಎಣ್ಣೆ ಹಚ್ತಾರೆ. ಆ ಎಣ್ಣೆ ಒರೆಸಿದ ಬಟ್ಟೇನ ತಾಯಿಗೆ ಕೊಡೋದು ಹಳೇ ಪದ್ಧತಿ, ಎಲ್ಲಾ ಕಡೆ ಮಾಡಲ್ಲ. ತಾಯಿ ಅದನ್ನ ಎತ್ತಿಟ್ಕಂಡಿದ್ದು, ಸತ್ತಾಗ ಅವಳ ಕೈಗೆ ಸುತ್ತಿ ಮಣ್ಣು ಮಾಡ್ತಾರೆ. ಮೊದಲ ಪಾಪನಿವೇದನೆ ಕೇಳಿದ ನೇರಳೆ ಸ್ಟೋಲು ತಂದೆಗೆ, ಅದೂ ಹಂಗೇ ಜೊತೇಲಿ ಹೋಗೋದು. "ನಿಮ್ಮಣ್ಣಂಗೆ ರೇಷ್ಮೆ ಪಟ್ಟಿ, ನಂಗೆ ಕೈ ಒರ್ಸೋ ಬಟ್ಟೆ, ನೋಡಿದ್ಯಾ?" ಅಂತ ನಗಾಡಿದ್ರು.

ನಾನು ನಗ್ಲಿಲ್ಲ. ಒಳಗಿಂದ ಅತ್ತೆ ಕೇಳಿಸ್ಕಂಡು ಬಂದು ಬಾಗ್ಲಲ್ಲಿ ನಿಂತಿದ್ರು. "ಬದ್ಕಿರೋರ ಸಾವಿನ್ ಬಟ್ಟೆ ಹೊಲಿಯಾದಾ? ನಮ್ಮನೇಲಿ ಬ್ಯಾಡ ಕಣವ್ವ" ಅಂದ್ರು. ನಮ್ಮಲ್ಲಿ ಸತ್ತೋರಿಗೆ ಹೊದ್ದಿಸೋ ಬಟ್ಟೆಗೆ ಸೂಜಿ ಹಾಕಲ್ಲ, ನಿಮಗೂ ಗೊತ್ತು. ಅಕ್ಕನ ಮುಖ ಸಣ್ಣಗಾಯ್ತು. ಬಟ್ಟೆ ವಾಪಸ್ ಎತ್ಕಂಡ್ರು. ಹೋಗೋಕೆ ಅಂತ ಎರಡು ಹೆಜ್ಜೆ ಇಟ್ಟೋರು ತಿರುಗಿ ನಿಂತು ಮೆತ್ತಗೆ ಕೇಳಿದ್ರು, "ಅಮ್ಮಾ, ನೀವು ಬೀರೂಲಿ ಎತ್ತಿಟ್ಟಿದ್ದೀರಲ್ಲ ಹಸಿರು ಸೀರೆ, ಅದ್ಯಾಕೆ?"

ಅದು ನಮ್ಮೆಲ್ಲರಿಗೂ ಗೊತ್ತಿರೋದೇ. ಮಾವ ಇದ್ದಾಗ ತೆಗೆದಿಟ್ಟಿದ್ದು. ಮುತ್ತೈದೆಯಾಗಿ ಹೋದ್ರೆ ಉಡಿಸ್ಲಿ ಅಂತ. ಮಾವ ಹೋಗಿ ಏಳು ವರ್ಷ ಆದ್ರೂ ಅದು ಅಲ್ಲೇ ಅದೆ, ಯಾರಿಗೂ ಕೊಟ್ಟಿಲ್ಲ. ಅತ್ತೆ ಮಾತಾಡ್ಲಿಲ್ಲ. ಒಂದು ಗಳಿಗೆ ಬಿಟ್ಟು ಅಕ್ಕನ ಕೈಯಿಂದ ಬಟ್ಟೆ ಈಸ್ಕಂಡು ನನ್ನ ತೊಡೆ ಮೇಲೆ ಹಾಕಿದ್ರು. "ಮಿಷನ್ನಲ್ಲಿ ಬ್ಯಾಡ, ಕೈಲಿ ಹೊಲಿ. ದಾರಕ್ಕೆ ಗಂಟು ಹಾಕ್ಬೇಡ" ಅಂದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ. ದಾರದ ತುದಿ ಮಡಿಕೆಯೊಳಗೆ ಸೇರಿಸಿ, ಗಂಟಿಲ್ದೆ ಹೊಲ್ದೆ. ಎರಡು ರಾತ್ರಿ ಹಿಡೀತು.

ಗುರುದೀಕ್ಷೆಗೆ ನಾವೆಲ್ಲ ಹೋಗಿದ್ವಿ, ಅತ್ತೆನೂ ಬಂದಿದ್ರು. ಹುಡ್ಗ ಬೋರಲು ಮಲಗ್ತಾನೆ, ನೆಲಕ್ಕೆ ಮುಖ ಹಚ್ಚಿ, ಸುತ್ತ ಎಲ್ಲರೂ ಒಬ್ಬೊಬ್ಬ ಸಂತರ ಹೆಸರು ಕೂಗಿ ಪ್ರಾರ್ಥನೆ ಮಾಡ್ತಾರೆ. ಅಷ್ಟೊತ್ತೂ ಅಕ್ಕ ನನ್ನ ಕೈ ಹಿಡ್ಕಂಡಿದ್ರು, ಬಳೆ ಒತ್ತಿ ಗುರುತು ಬಿತ್ತು. ಆಮೇಲೆ ಬಿಷಪ್ಪು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಹೇಳಿದ್ರು. ಒಬ್ಬರು ಹಿರೀ ಫಾದರು ಅವನ ಅಡ್ಡ ಸ್ಟೋಲು ತೆಗೆದು ನಮ್ಮ ಸ್ಟೋಲನ್ನ ನೇರಕ್ಕೆ ಕೊರಳಿಗೆ ಹಾಕಿದ್ರು. ಸರಿಯಾಗಿ ಕೂತ್ಕಂತು, ಸುಕ್ಕಿಲ್ಲ, ಜಾರಿಲ್ಲ. ನಾನು ಅತ್ತೆಗೆ ತೋರಿಸೋಣ ಅಂತ ತಿರುಗೋ ಅಷ್ಟರಲ್ಲಿ ಅದರ ಮೇಲೆ ಒಂದು ದೊಡ್ಡ ಪೂಜೆ ಉಡುಪು ಹಾಕಿ ಪೂರ್ತಿ ಮುಚ್ಚೇಬಿಟ್ರು! ಪದ್ಧತಿಯೇ ಹಂಗಂತೆ, ಪೂಜೇಲಿ ಸ್ಟೋಲು ಒಳಗೆ, ಉಡುಪು ಮೇಲೆ. ಹದಿನೈದು ದಿನ ನಾನು ನಿದ್ದೆಗೆಟ್ಟ ಜರಿ ಅಂಚು ಅರ್ಧ ನಿಮಿಷವೂ ಕಾಣ್ಲಿಲ್ಲ. ಕುಚ್ಚಿನ ತುದಿ ಮಾತ್ರ ಕೆಳಗೆ ಇಣುಕ್ತಿತ್ತು. "ಮುಂಚೇನೇ ಹೇಳ್ಬಾರ್ದಾ ಅಕ್ಕ" ಅಂದ್ರೆ, "ಹೇಳಿದ್ರೆ ನೀನು ಹೂ ಕೂಡ್ಲಿಲ್ಲ ಅಂತ ಅಳ್ತಿದ್ಯಾ?" ಅಂದ್ರು.

ಅವತ್ತು ಸಂಜೆ ಹುಡ್ಗ ಮನೆಗೆ ಬಂದು ಆ ಬಿಳಿ ಬಟ್ಟೇನ ಅವ್ವನ ಕೈಲಿಟ್ಟ. ನೇರಳೇದು ಅಣ್ಣನಿಗೆ ಸಿಕ್ಕಿದ್ದು ಮಾರನೇ ವಾರ, ಅವ್ರು ಅದನ್ನ ಎರಡು ದಿನ ಹೆಗಲ ಮೇಲೇ ಹಾಕ್ಕಂಡು ಓಡಾಡಿದ್ರು ಅಂತ ಅಕ್ಕನ ದೂರು. ಬಿಳೀದನ್ನ ನೋಡೋಕೆ ಅತ್ತೆ ತಾವಾಗೇ ಗೋಡೆ ಬಳಸಿ ಹೋದ್ರು. ಆ ಎಣ್ಣೆ ಆಲಿವ್ ಎಣ್ಣೆಗೆ ಸುಗಂಧ ಬೆರೆಸಿದ್ದು, ವಾಸನೆ ಇನ್ನೂ ಹೋಗಿರ್ಲಿಲ್ಲ. ಅತ್ತೆ ಮೂಗಿಗೆ ಹಿಡಿದು, "ಸಾಂಬ್ರಾಣಿ ಅಲ್ಲ, ಗಂಧನೂ ಅಲ್ಲ" ಅಂತ ಮತ್ತೊಮ್ಮೆ ಮೂಸಿ, ನನ್ನ ಹೊಲಿಗೆ ಬೆರಳಲ್ಲಿ ಸವರಿ ನೋಡಿ, ವಾಪಸ್ ಕೊಟ್ರು. ಅಕ್ಕ ಅದನ್ನ ಮದ್ವೆ ಸೀರೆಯಲ್ಲಿ ಉಳಿದಿದ್ದರ ಮಧ್ಯೆ ಇಟ್ಟು, ಈ ಸಲ ಬೇರೆ ಕಡೆ ಮಡಿಚಿದ್ರು.